ಚುಕ್ಕಿಗೆ ಲ್ಯುಕೇಮಿಯಾ ಅಂದ್ರು, ಮನೇಲೇ ಇಟ್ಕೊಳ್ಳಬಹುದಾ?

ಪ್ರಶ್ನೆ: ಅಕ್ಕಾ, ನಮ್ಮನೆ ಶಿರಸಿಯಿಂದ ಒಳಗೆ ಒಂದು ಹಳ್ಳಿ, ತೋಟ ಕೊಟ್ಟಿಗೆ ಎಲ್ಲ ಇರೋ ಮನೆ, ಮೂರು ಬೆಕ್ಕು. ಅದರಲ್ಲಿ ಚುಕ್ಕಿ ಅಂತ ಮೂರು ವರ್ಷದ ಹೆಣ್ಣು ಎರಡು ತಿಂಗಳಿಂದ ಸೊರಗ್ತಾ ಬಂತು, ಒಸಡು ಬಾತು ಬಾಯಿ ವಾಸನೆ ಬೇರೆ. ಡಾಕ್ಟ್ರು ರಕ್ತ ತೆಗೆದು ಕಿಟ್ ಟೆಸ್ಟ್ ಮಾಡಿ ಫೀಲೈನ್ ಲ್ಯುಕೇಮಿಯಾ (ಬೆಕ್ಕಿಗೆ ಬರೋ ಒಂದು ವೈರಸ್ ಕಾಯಿಲೆ) ಪಾಸಿಟಿವ್ ಅಂದ್ರು. ಔಷಧಿ ಕೊಟ್ಟ ಮೇಲೆ ಈಗ ತಿಂತಾ ಇದೆ. ಆಯಿ ಹೇಳ್ತಾಳೆ ಸಣ್ಣ ಮಕ್ಕಳಿದಾರೆ, ಕೊಟ್ಟಿಗೆಯಲ್ಲಿ ಕರು ಇದೆ, ಎಲ್ಲಾದ್ರೂ ಬಿಟ್ಟು ಬಾ ಅಂತ. ಪಕ್ಕದ ಮನೆಯವರು ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡಿ ಅಂತಾರೆ. ನಾವು ಮೀನು ಮಾಂಸ ಮನೆಗೆ ತರೋರಲ್ಲ, ಹಾಲನ್ನ ಮೊಸರನ್ನವೇ ಹಾಕೋದು. ಇಟ್ಕೊಂಡು ನೋಡ್ಕೊಳ್ಳೋಕೆ ಆಗ್ತದಾ?

ಉತ್ತರ: ಆಗ್ತದೆ ತಂಗಿ, ಖಂಡಿತ ಆಗ್ತದೆ. ಮೊದ್ಲು ಆಯಿ ಹತ್ರ ಕೂತು ಹೇಳಿ, ಇದು ಮಕ್ಕಳಿಗೂ ಬರೋದಿಲ್ಲ, ಕರುವಿಗೂ ಬರೋದಿಲ್ಲ, ನಾಯಿಗೂ ಬರೋದಿಲ್ಲ. ನಮ್ಮ ಜಿಲ್ಲೆಯಲ್ಲಿ ವೈರಸ್ ಅಂದ ಕೂಡ್ಲೆ ಮಂಗನ ಕಾಯಿಲೆ ಕಣ್ಮುಂದೆ ಬರ್ತದೆ, ಆಯಿ ಹೆದರಿದ್ದು ತಪ್ಪಲ್ಲ. ಆದ್ರೆ ಇದು ಬೆಕ್ಕಿನ ಜಾತಿಗೆ ಸೇರಿದ ವೈರಸ್ಸು, 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಜ್ಯಾರೆಟ್ ಅನ್ನೋ ಪಶುವೈದ್ಯ ವಿಜ್ಞಾನಿ ಮತ್ತೆ ಅವರ ಜೊತೆಯವರು ಕಂಡುಹಿಡಿದದ್ದು. ಹಸುಗಳಲ್ಲೂ ಲ್ಯುಕೇಮಿಯಾ ವೈರಸ್ ಅಂತ ಒಂದಿದೆ, ಹೆಸರು ಹತ್ತಿರ ಅಷ್ಟೆ, ಅದು ಬೇರೆಯೇ. ಬಿಟ್ಟು ಬರೋ ಮಾತಂತೂ ಬೇಡ. ಬಿಟ್ಟು ಬಂದ್ರೆ ಪಾಪ ಅದು ಹಸಿವಿನಲ್ಲಿ ಸಾಯ್ತದೆ, ಸಾಯೋ ಮೊದ್ಲು ಆ ಊರಿನ ಬೆಕ್ಕುಗಳಿಗೂ ಹಂಚಿ ಹೋಗ್ತದೆ.

ಇಂಜೆಕ್ಷನ್ ವಿಷಯ. ಒಂದೇ ಟೆಸ್ಟ್ ನೋಡಿ ಆ ಮಾತು ಯಾರೂ ಆಡಬಾರದು, ಇದನ್ನ ಗಟ್ಟಿಯಾಗಿ ಹೇಳ್ತೇನೆ. ಕಿಟ್ ಹುಡುಕೋದು ರಕ್ತದಲ್ಲಿರೋ ವೈರಸ್ಸಿನ ಒಂದು ಪ್ರೋಟೀನನ್ನ. ಕೆಲವು ಬೆಕ್ಕುಗಳ ಮೈ ವೈರಸ್ಸನ್ನ ಅದುಮಿ ಕೂರಿಸ್ತದೆ, ಆಗ ಕೆಲವು ವಾರ ಬಿಟ್ಟು ಅದೇ ಟೆಸ್ಟ್ ನೆಗೆಟಿವ್ ಬರೋದೂ ಉಂಟು. ಹಾಗಾಗಿ ಒಂದು, ಒಂದೂವರೆ ತಿಂಗಳು ಬಿಟ್ಟು ಮತ್ತೆ ಮಾಡಿಸಿ, ಆಗೋದಾದ್ರೆ ಲ್ಯಾಬಿಗೆ ಕಳಿಸಿ ಪಿಸಿಆರ್ ಕೂಡ. ಮತ್ತೆ ಮತ್ತೆ ಪಾಸಿಟಿವ್ ಬಂದ್ರೆ ಸುಳ್ಳು ಸಮಾಧಾನ ಹೇಳೋದಿಲ್ಲ, ವಾಸಿ ಮಾಡೋ ಔಷಧಿ ಇದಕ್ಕಿಲ್ಲ, ಹೆಚ್ಚಿನವು ಮೂರು ವರ್ಷದ ಒಳಗೆ ಹೋಗ್ತಾವೆ, ಕೆಲವು ಇನ್ನೂ ಹೆಚ್ಚು ಕಾಲ ಇರ್ತಾವೆ. ಆದ್ರೆ ಆ ಮೂರು ವರ್ಷ ಪೂರ್ತಿ ನರಳಾಟ ಅಂತ ಅಂದ್ಕೊಬೇಡಿ. ನಮ್ಮ ಕೆಂಚ, ಇಲ್ಲಿ ಕಾರವಾರದ ಬಂದರಿನಲ್ಲಿ ಬಲೆ ರಾಶಿ ಮೇಲೆ ಸಿಕ್ಕಿದ ಮರಿ, ಪಾಸಿಟಿವ್ ಬಂದ ಮೇಲೂ ಎರಡು ವರ್ಷ ನಾಲ್ಕು ತಿಂಗಳು ನಮ್ಮ ಜೊತೆಗಿದ್ದ, ಅದರಲ್ಲಿ ನಿಜವಾಗಿ ಹಾಸಿಗೆ ಹಿಡಿದದ್ದು ಕೊನೆಯ ಐದು ವಾರ. ಉಳಿದ ದಿನ ಕಿಟಕಿಯಲ್ಲಿ ಕೂತು ಕಾಗೆಗೆ ಬೈತಾ ಇದ್ದ.

ಕೆಂಚನಿಂದ ಕಲಿತದ್ದು ಎರಡು ಕೆಲಸ, ಒಸಡು ನೋಡೋದು ಮತ್ತೆ ತೂಕ ನೋಡೋದು. ಭಾನುವಾರ ಬೆಳಿಗ್ಗೆ ಜಗಲಿಯ ಬೆಳಕಿಗೆ ಕೂತು, ಬೆಕ್ಕನ್ನ ತೊಡೆ ಮೇಲೆ ಹಾಕ್ಕೊಂಡು, ಹೆಬ್ಬೆರಳಲ್ಲಿ ಮೇಲ್ದುಟಿ ಸ್ವಲ್ಪ ಎತ್ತಿ, ಕೋರೆಹಲ್ಲಿನ ಮೇಲಿನ ಒಸಡು ನೋಡಿ. ತಿಳಿ ಗುಲಾಬಿ ಇದ್ರೆ ಸರಿ. ಈ ವೈರಸ್ಸು ಎಲುಬಿನ ಮಜ್ಜೆಗೆ ಹೊಕ್ಕು ರಕ್ತ ಹುಟ್ಟೋದನ್ನೇ ಕಡಿಮೆ ಮಾಡ್ತದೆ, ಅದು ಮೊದ್ಲು ಕಾಣೋದು ಅಲ್ಲೇ. ಒಂದು ವಾರ ಕೆಂಚನ ಒಸಡು ಹಾಲಿನ ಕೆನೆ ಬಣ್ಣಕ್ಕೆ ತಿರುಗಿತ್ತು, ಅವತ್ತೇ ಓಡಿದ್ವಿ, ನೋಡಿದ್ರೆ ಚಿಗಟದಿಂದ ಹರಡೋ ರಕ್ತದ ಸೋಂಕು, ಡಾಕ್ಸಿಸೈಕ್ಲಿನ್ ಮಾತ್ರೆಗೆ ಬಗ್ಗಿತು. (ಆ ಮಾತ್ರೆ ಕೊಟ್ಟ ಮೇಲೆ ಸಿರಿಂಜಿನಲ್ಲಿ ಒಂದಿಷ್ಟು ನೀರು ಕುಡಿಸಲೇಬೇಕು, ಗಂಟಲಲ್ಲಿ ಅಂಟಿಕೊಂಡ್ರೆ ಅನ್ನನಾಳ ಸುಡ್ತದೆ.) ಒಂದು ವಾರ ತಡ ಮಾಡಿದ್ರೆ ಲ್ಯುಕೇಮಿಯಾ ಅಲ್ವಾ ಹೀಗೇ ಆಗೋದು ಅಂತ ಕೈಬಿಟ್ಟಿರ್ತಿದ್ವಿ. ಎಲ್ಲದಕ್ಕೂ ಲ್ಯುಕೇಮಿಯಾ ಕಾರಣ ಅಲ್ಲ, ರೋಗನಿರೋಧಕ ಶಕ್ತಿ ಕಡಿಮೆ ಆದಾಗ ಒಳಗೆ ನುಗ್ಗೋ ಸಣ್ಣ ಕಾಯಿಲೆಗಳೇ ಬಹಳ, ಅವಕ್ಕೆ ಔಷಧಿ ಇದೆ.

ತೂಕಕ್ಕೆ ನಿಮ್ಮನೇಲಿ ಅಡಿಕೆ ತೂಗೋ ತಕ್ಕಡಿ ಇದ್ದೇ ಇರ್ತದೆ, ಬುಟ್ಟಿಯಲ್ಲಿ ಕೂರಿಸಿ ತೂಗಿ, ಬುಟ್ಟಿ ತೂಕ ಕಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರು ಕೆಜಿ ಬೆಕ್ಕು ಕಾಲು ಕೆಜಿ ಇಳಿದ್ರೆ ಕಣ್ಣಿಗೆ ಗೊತ್ತಾಗೋದಿಲ್ಲ, ಆದ್ರೆ ಅದು ದೊಡ್ಡ ಇಳಿಕೆ.

ಇನ್ನು ಊಟ. ಇಲ್ಲಿ ನಿಮ್ಮ ಮನಸ್ಸಿಗೆ ಸ್ವಲ್ಪ ಕಷ್ಟ ಆಗ್ತದೆ, ಆದ್ರೂ ಹೇಳಬೇಕು. ಹಾಲನ್ನ ಸಾಕಾಗೋದಿಲ್ಲ. ಬೆಕ್ಕಿಗೆ ಟೌರಿನ್ ಅಂತ ಒಂದು ಅಂಶ ಬೇಕೇ ಬೇಕು, ಅದು ಅನ್ನದಲ್ಲಿಲ್ಲ, ಮೊಸರಲ್ಲಿ ಇಲ್ಲ ಅನ್ನೋಷ್ಟು, ಕಡಿಮೆ ಆದ್ರೆ ಕಣ್ಣು ಮತ್ತೆ ಹೃದಯ ಕೆಡ್ತದೆ. ಆರೋಗ್ಯವಾಗಿದ್ದ ದಿನ ಅದು ಇಲಿ ಹಲ್ಲಿ ಹಿಡಿದು ತಿಂದು ಹೇಗೋ ತುಂಬಿಸ್ಕೊಳ್ತಿತ್ತು, ಈಗ ಒಳಗೇ ಇಟ್ರೆ ಅದೂ ಇಲ್ಲ. ಪ್ಯಾಕೆಟ್ಟಿನ ಕ್ಯಾಟ್ ಫುಡ್ ತನ್ನಿ, ಅಡುಗೆಮನೆಗೆ ತರಬೇಡಿ ಅಂತ ಆಯಿ ಅಂದ್ರೆ ಮೆತ್ತಿ ಮೇಲೋ ಹಿಂದಿನ ಕೋಣೆಯಲ್ಲೋ ಡಬ್ಬಿಯಲ್ಲಿಟ್ಟು ಅಲ್ಲೇ ಹಾಕಿ, ಒಸಡು ನೋವಿದ್ರೆ ಬಿಸಿನೀರಲ್ಲಿ ನೆನೆಸಿ, ಬೆಚ್ಚಗಾದ್ರೆ ವಾಸನೆ ಬಂದು ತಿನ್ನೋ ಮನಸ್ಸೂ ಆಗ್ತದೆ. ಹಾಲು ಕುಡಿದು ಭೇದಿ ಆಗ್ತಿದ್ರೆ ಹಾಲು ನಿಲ್ಲಿಸಿ. ಓದೋರಲ್ಲಿ ಕರಾವಳಿಯವರಿಗೂ ಒಂದು ಮಾತು, ಹಸಿ ಬಂಗಡೆ ತಲೆ ಎಸೆಯೋದು ಇಂಥ ಬೆಕ್ಕಿಗೆ ಬೇಡ, ಬೇಯಿಸಿ ಮುಳ್ಳು ತೆಗೆದೇ ಹಾಕಿ, ಉಪ್ಪು ಖಾರ ಈರುಳ್ಳಿ ಇಲ್ದೆ.

ಉಳಿದ ಎರಡು ಬೆಕ್ಕಿಗೂ ಟೆಸ್ಟ್ ಆಗಲೇಬೇಕು. ಇದು ಹರಡೋದು ಹೆಚ್ಚಾಗಿ ಜೊಲ್ಲಿನಿಂದ, ಒಬ್ಬರನ್ನೊಬ್ಬರು ನೆಕ್ಕೋದು, ಒಂದೇ ತಟ್ಟೆ, ಕಚ್ಚಾಟ, ಮತ್ತೆ ತಾಯಿಯಿಂದ ಮರಿಗೆ. ಅವು ನೆಗೆಟಿವ್ ಬಂದ್ರೆ ಚುಕ್ಕಿಗೆ ಬೇರೆ ಕೋಣೆ, ಬೇರೆ ತಟ್ಟೆ, ಮತ್ತೆ ಅವಕ್ಕೂ ಇನ್ನೊಂದ್ಸಲ ಟೆಸ್ಟ್. ನಿಮ್ಮ ಕಡೆ ಮನೆಗೆ ಬಾಗಿಲು ಹಾಕಿದ್ರೂ ಹಂಚಿನ ಸಂದಿಯಲ್ಲಿ ಹೊರಗೆ ಹೋಗೋ ಬೆಕ್ಕುಗಳು, ಗೊತ್ತು ನಂಗೆ, ಒಂದು ಕೋಣೆಗಾದ್ರೂ ಬಲೆ ಹೊಡೆಸಿ. ಮಳೆಗಾಲದಲ್ಲಿ ಬಚ್ಚಲ ಒಲೆ ಪಕ್ಕದ ಜಾಗ ಅದಕ್ಕೇ ಬಿಟ್ಟುಕೊಡಿ, ಗೋಣಿ ಒದ್ದೆ ಆದ ದಿನವೇ ಬದಲಿಸಿ. ಮೈಯಲ್ಲಿ ಸ್ವಲ್ಪ ಶಕ್ತಿ ಬಂದ ಮೇಲೆ ಸಂತಾನಹರಣ ಆಪರೇಷನ್ ಮಾಡಿಸಿ. ಆರು ತಿಂಗಳಿಗೊಮ್ಮೆ ಡಾಕ್ಟ್ರಿಗೆ ತೋರಿಸಿ.

ಎರಡು ವಸ್ತು ಮನೇಲೇ ಇರೋದ್ರಿಂದ ಹೆದರಿಕೆ ನನಗೆ. ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ, ಅರ್ಧ ಮಾತ್ರೆಯೂ ಬೆಕ್ಕನ್ನ ಕೊಲ್ತದೆ. ಕೊಟ್ಟಿಗೆಗೆ, ನಾಯಿಗೆ ಹಾಕೋ ಉಣ್ಣಿ ಸಾಯಿಸೋ ಔಷಧಿ ಚುಕ್ಕಿಗೆ ಸೋಕಿಸಬೇಡಿ, ಪರ್ಮೆಥ್ರಿನ್ ಇದ್ದದ್ದು ಬೆಕ್ಕಿಗೆ ವಿಷ.

ಒಂದು ದಿನ ಪೂರ್ತಿ ಏನೂ ತಿನ್ನಲಿಲ್ಲ ಅಂದ್ರೆ, ಬಾಯಿ ತೆರೆದು ಉಸಿರಾಡಿದ್ರೆ, ಕಾಯೋದು ಬೇಡ, ಆಗಲೇ ಹೊರಡಿ. ಪಕ್ಕದ ಮನೆಯವರು ಹೇಳಿದ ಇಂಜೆಕ್ಷನ್ ಮಾತು ಮುಂದೊಂದು ದಿನ ಬರಬಹುದು, ತಿನ್ನೋದು ಬಿಟ್ಟು, ಮೈ ನೆಕ್ಕಿಕೊಳ್ಳೋದೂ ಬಿಟ್ಟು, ಉಸಿರಿಗೇ ಒದ್ದಾಡೋ ದಿನ. ಕೆಂಚನಿಗೆ ನಾವೇ ಕೊಡಿಸಿದ್ವಿ, ನನ್ನ ಸೆರಗಿನ ಮೇಲೇ ಹೋದ. ತಿಂತಾ ಇರೋ ಚುಕ್ಕಿಗೆ ಅದು ಈಗಲ್ಲ.

ಪ್ರಶ್ನೆ: ಇದೇ ಕಾಯಿಲೆಯಿಂದ ನಮ್ಮ ಬೆಕ್ಕು ಹೋದ ತಿಂಗಳು ತೀರ್ಕೊಂಡ್ತು. ಮನೇಲಿ ಬೇರೆ ಬೆಕ್ಕಿಲ್ಲ. ಹೊಸ ಮರಿ ತರೋಕೆ ಎಷ್ಟು ದಿನ ಕಾಯಬೇಕು? (ಕುಮಟಾದಿಂದ)

ಉತ್ತರ: ನಿಮ್ಮ ಬೆಕ್ಕು ಹೋದ ಸುದ್ದಿ ಓದಿ ಬೇಜಾರಾಯ್ತು. ವೈರಸ್ಸಿನ ಸಲುವಾಗಿ ಕಾಯೋದು ಬೇಡ, ಈ ವೈರಸ್ಸು ಬೆಕ್ಕಿನ ಮೈಯಿಂದ ಹೊರಗೆ ಬಂದ್ರೆ ಬಾಳೋದಿಲ್ಲ, ಕೆಲವು ಗಂಟೆಯಲ್ಲೇ ಸಾಯ್ತದೆ, ಸಾಮಾನ್ಯ ಸಾಬೂನಿಗೂ ಸಾಯ್ತದೆ. ತಟ್ಟೆ ಹಾಸಿಗೆ ತೊಳೆದು ಬಿಸಿಲಿಗೆ ಹಾಕಿ, ಮರಳಿನ ಟ್ರೇ ಖಾಲಿ ಮಾಡಿ. ಆದ್ರೆ ತರೋ ಮರಿಗೆ ಮೊದ್ಲೇ ಟೆಸ್ಟ್ ಮಾಡಿಸಿ, ಯಾಕಂದ್ರೆ ಮರಿಗಳಿಗೇ ಇದು ಬೇಗ ಅಂಟೋದು, ನೆಗೆಟಿವ್ ಬಂದ್ರೂ ತಿಂಗಳು ಬಿಟ್ಟು ಇನ್ನೊಂದ್ಸಲ.