ಕಪ್ಪು ವಿದ್ಯಾರ್ಥಿಗಳ ಪರ ನಿಂತ ಫ್ರೀಮನ್ ಹ್ರಬೌಸ್ಕಿ ಅವರ ಹಿನ್ನೆಲೆ ಏನು?

1992ರಿಂದ 2022ರವರೆಗೆ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್ಸಿನ ಅಧ್ಯಕ್ಷರಾಗಿದ್ದ ಹ್ರಬೌಸ್ಕಿ ಅವರು 1950ರಲ್ಲಿ, ಕರಿಯರಿಗೂ ಬಿಳಿಯರಿಗೂ ಪ್ರತ್ಯೇಕ ಶಾಲೆಗಳಿದ್ದ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದರು. 1963ರಲ್ಲಿ ಅಲ್ಲಿನ ಮಕ್ಕಳು ನಾಗರಿಕ ಹಕ್ಕುಗಳಿಗಾಗಿ ನಡೆಸಿದ ಮೆರವಣಿಗೆಯಲ್ಲಿ ಪಾಲ್ಗೊಂಡು, 12ನೆಯ ವಯಸ್ಸಿನಲ್ಲೇ ಐದು ದಿನ ಬಂಧನದಲ್ಲಿದ್ದರು. ಇಷ್ಟಾದರೂ ಅವರ ಮನಸ್ಸು ನೆಟ್ಟಿದ್ದು ಗಣಿತದಲ್ಲಿ. 19ಕ್ಕೆ ಹ್ಯಾಂಪ್ಟನ್‌ನಲ್ಲಿ ಪದವಿಯನ್ನೂ 24ಕ್ಕೆ ಇಲಿನಾಯ್‌ನಲ್ಲಿ ಡಾಕ್ಟರೇಟನ್ನೂ ಪಡೆದರು.

ದಾನಿ ರಾಬರ್ಟ್ ಮೇಯರ್‌ಹಾಫ್ ಅವರೊಡನೆ 1988ರಲ್ಲಿ ಅವರು ಕಪ್ಪು ವಿದ್ಯಾರ್ಥಿಗಳಿಗಾಗಿ ಆರಂಭಿಸಿದ ವಿದ್ಯಾರ್ಥಿವೇತನ ಯೋಜನೆಯೇ, ನನ್ನ ದೃಷ್ಟಿಯಲ್ಲಿ, ಅವರ ದೊಡ್ಡ ಕೆಲಸ. ಅದು ಹಣ ಕೊಟ್ಟು ಕೈತೊಳೆದುಕೊಳ್ಳದೆ, ಬೇಸಿಗೆ ತರಬೇತಿ, ಗುಂಪು ಅಧ್ಯಯನ, ಪ್ರಯೋಗಾಲಯದ ಸಂಶೋಧನೆಗಳ ಮೂಲಕ ವಿದ್ಯಾರ್ಥಿಗಳನ್ನು ವಿಜ್ಞಾನದ ಡಾಕ್ಟರೇಟಿಗೆ ಅಣಿಗೊಳಿಸುತ್ತದೆ. ಮಾಡರ್ನಾ ಕೋವಿಡ್ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ದುಡಿದ ಕಿಜ್ಮೇಕಿಯಾ ಕಾರ್ಬೆಟ್ ಈ ಯೋಜನೆಯಲ್ಲೇ ಓದಿದವರು.