ಓದುಗರ ಪ್ರಶ್ನೆ: ಹೊಸ ಹಿಮ ಬಿದ್ದ ಮರುದಿನ ಅಫರ್ವಟ್ ಇಳಿಯಬಹುದೇ?

ಪ್ರಶ್ನೆ: ನಾವು ನಾಲ್ವರು ಗುಲ್ಮಾರ್ಗ್‌ಗೆ ಹೊರಟಿದ್ದೇವೆ. ಎಲ್ಲರಿಗೂ ಸ್ಕೀಯಿಂಗ್ ಚೆನ್ನಾಗಿ ಬರುತ್ತದೆ. ರಾತ್ರಿಯಿಡೀ ಹಿಮ ಸುರಿದು ಬೆಳಿಗ್ಗೆ ಬಿಸಿಲು ಬಿದ್ದರೆ ಗೊಂಡೋಲಾದ (ಕೇಬಲ್ ಕಾರ್) ಎರಡನೇ ಹಂತ ಹತ್ತಿ, ಅಫರ್ವಟ್ ಬೆಟ್ಟದಿಂದ ಆಫ್-ಪಿಸ್ಟ್ (ಸಿದ್ಧಪಡಿಸಿದ ಸ್ಕೀ ಹಾದಿಯ ಹೊರಗೆ) ಇಳಿಯುವ ಆಸೆ. ಎಷ್ಟು ದಿನ ಕಾಯಬೇಕು? (ಬೆಂಗಳೂರು)

ಉತ್ತರ: ನೀವು ಹೇಳುವ ಆ ಬೆಳಗೇ ಅತಿ ಅಪಾಯದ ಹೊತ್ತು. ಚಳಿಗಾಲದ ಮೊದಲಲ್ಲಿ ಬಿದ್ದ ತೆಳು ಹಿಮ ಕಡು ಚಳಿಗೆ ಸಕ್ಕರೆಯಂತೆ ಹರಳುಹರಳಾಗುತ್ತದೆ, ಒಂದಕ್ಕೊಂದು ಅಂಟುವುದಿಲ್ಲ. ಅದರ ಮೇಲೆ ಹೊಸ ಹಿಮ ಚಪ್ಪಡಿಯಾಗಿ ಕೂರುತ್ತದೆ. ರವೆಯ ಮೇಲೆ ಕಲ್ಲುಚಪ್ಪಡಿ ಹಾಸಿ ಓರೆಯಾಗಿ ಎತ್ತಿದಂತೆ. ಜಾರಿಸಲು ಒಬ್ಬನ ಭಾರ ಸಾಕು. ಜೀವ ತೆಗೆಯುವ ಹಿಮಕುಸಿತಗಳಲ್ಲಿ ಹೆಚ್ಚಿನವನ್ನು ಕೆಡವುವುದು ಅದರಲ್ಲಿ ಸಿಕ್ಕವರೇ ಅಥವಾ ಅವರ ಜೊತೆಯವರೇ.

ಗಾಳಿಯನ್ನು ಮರೆಯಬೇಡಿ. ಊರಲ್ಲಿ 20 ಸೆಂ.ಮೀ. ಬಿದ್ದಿದ್ದರೂ ಗಾಳಿ ಅದನ್ನು ಗುಡ್ಡದ ಬೆನ್ನಿನಾಚೆಗೆ ಹೊತ್ತೊಯ್ದು ಮರೆಬದಿಯಲ್ಲಿ ಅದರ ಹಲವು ಪಟ್ಟು ಪೇರಿಸಿರುತ್ತದೆ.

ಹಿಮ ನಿಂತ ಮೇಲೆ ಒಂದೆರಡು ದಿನವಾದರೂ ಕಡಿದಾದ ಕಡೆ ಹೋಗಬೇಡಿ. ಆದರೆ ಕೆಳಗೆ ಹರಳು ಪದರವಿದ್ದರೆ ವಾರಗಟ್ಟಲೆ ಕಾದರೂ ಸಾಲದು. ಹಾಗಾಗಿ ದಿನ ಎಣಿಸುವ ಬದಲು ಕೋನ ಅಳೆಯಿರಿ: ಸ್ಕೀ ಕೋಲನ್ನು ಇಳಿಜಾರಿನ ಮೇಲೆ ಉದ್ದಕ್ಕೆ ಮಲಗಿಸಿ, ಅದರ ಮೇಲೆ ಮೊಬೈಲಿನ ಕೋನಮಾಪಕ ಇಡಿ. ಚಪ್ಪಡಿ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯಲ್ಲಿ. 30ಕ್ಕಿಂತ ಕಡಿಮೆಯದನ್ನೇ ಆರಿಸಿ. ನೆತ್ತಿಯ ಮೇಲೆ ಕಡಿದಾದ ಇಳಿಜಾರು ನೇತಾಡುತ್ತಿದ್ದರೆ ಅದೂ ಬೇಡ. ಕಾಲಡಿ 'ಧುಸ್ಸ್' ಎಂದು ಹಿಮ ಕುಸಿದರೆ, ಸ್ಕೀ ತುದಿಯಿಂದ ಬಿರುಕು ಓಡಿದರೆ, ಪಕ್ಕದಲ್ಲಿ ಹೊಸದಾಗಿ ಜಾರಿದ ಗುರುತಿದ್ದರೆ ಅಲ್ಲಿಗೇ ನಿಲ್ಲಿಸಿ.

ಗೊಂಡೋಲಾ ಓಡುತ್ತಿದೆ ಎಂದರೆ ಬೆಟ್ಟವೆಲ್ಲ ಸುರಕ್ಷಿತ ಎಂದಲ್ಲ. ಸ್ಕೀ ಗಸ್ತಿನವರು ನೋಡಿಕೊಳ್ಳುವ ಗೆರೆಯಾಚೆ ಹೊಣೆ ನಿಮ್ಮದೇ. 2023ರ ಫೆಬ್ರುವರಿ 1ರಂದು ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹಿಮಕುಸಿತದಲ್ಲಿ ಸತ್ತದ್ದು ಇದೇ ಅಫರ್ವಟ್‌ನ ಹಪತ್‌ಖುದ್ ಕಡೆ.

ಪ್ರಶ್ನೆ: ಆಗಲೇ ನಾಲ್ಕೈದು ಮಂದಿ ಇಳಿದ ಗೆರೆ ಕಂಡರೆ? (ಮೈಸೂರು)

ಉತ್ತರ: ಅದರಿಂದ ಸುರಕ್ಷಿತ ಎಂದು ಹೇಳಿದಂತಾಗುವುದಿಲ್ಲ. ಚಪ್ಪಡಿ ಎಲ್ಲೆಡೆ ಒಂದೇ ದಪ್ಪ ಇರುವುದಿಲ್ಲ. ಐದು ಮಂದಿ ದಪ್ಪ ಜಾಗದಲ್ಲಿ ದಾಟಿದ್ದು, ಆರನೆಯವ ತೆಳು ಜಾಗ ತುಳಿಯಬಹುದು. ಒಬ್ಬೊಬ್ಬರೇ ಇಳಿಯಿರಿ. ಉಳಿದವರು ದಾರಿಯಿಂದ ಹೊರಗಿನ ಏರಿನಲ್ಲಿ ನಿಂತು ಕಣ್ಣಿಟ್ಟಿರಲಿ. ನಾಲೆಯಂಥ ತಗ್ಗಿನಲ್ಲಿ ನಿಲ್ಲಲೇಬಾರದು. ಸಣ್ಣ ಕುಸಿತವೂ ಅಲ್ಲಿ ಆಳಕ್ಕೆ ಹೂಳುತ್ತದೆ.

ಪ್ರಶ್ನೆ: ಬೀಕನ್ (ಹಿಮದಡಿ ಹೂತವರನ್ನು ಹುಡುಕಲು ನೆರವಾಗುವ ರೇಡಿಯೋ ಸಾಧನ) ಬಾಡಿಗೆಗೆ ತೆಗೆದುಕೊಳ್ಳಬೇಕೇ? ಮೊಬೈಲ್ ಲೊಕೇಶನ್ ಸಾಲದೇ? (ಮಂಗಳೂರು)

ಉತ್ತರ: ಸಾಲದು. 457 ಕಿಲೋಹರ್ಟ್ಸ್‌ನ ಬೀಕನ್, 240 ಸೆಂ.ಮೀ.ಗೆ ಕಡಿಮೆಯಿಲ್ಲದ ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಅಲ್ಯೂಮಿನಿಯಂ ಸಲಿಕೆ: ಮೂರೂ ಪ್ರತಿಯೊಬ್ಬರ ಬಳಿ ಇರಬೇಕು. ಕುಸಿದು ನಿಂತ ಹಿಮ ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಪ್ಲಾಸ್ಟಿಕ್ ಸಲಿಕೆ ಮುರಿಯುತ್ತದೆ. ಬೀಕನ್ ಜಾಕೆಟ್ಟಿನೊಳಗೆ, ಮೊಬೈಲಿನಿಂದ ಕನಿಷ್ಠ 20 ಸೆಂ.ಮೀ. ದೂರ ಇರಲಿ, ಹುಡುಕುವಾಗ ಅರ್ಧ ಮೀಟರ್. ಬ್ಯಾಟರಿ ಹೊಸ ಆಲ್ಕಲೈನ್ ಹಾಕಿ. ಹೊರಡುವಾಗ ಒಬ್ಬರು ಹುಡುಕುವ ಸ್ಥಿತಿಗೆ ಹಾಕಿಕೊಂಡು, ಉಳಿದವರನ್ನು ಒಬ್ಬೊಬ್ಬರಾಗಿ ದಾಟಿಸಿ ಸಿಗ್ನಲ್ ಪರೀಕ್ಷಿಸಬೇಕು.

ಯಾರಾದರೂ ಹೂತರೆ, ಕೊನೆಗೆ ಕಂಡ ಜಾಗವನ್ನು ಗುರುತಿಟ್ಟುಕೊಳ್ಳಿ. ಮತ್ತೆ ಜಾರುವಂತಿಲ್ಲವೇ ನೋಡಿ. ಒಬ್ಬರು ಫೋನ್ ಮಾಡಲಿ. ಉಳಿದವರೆಲ್ಲ ಬೀಕನ್ನನ್ನು ಹುಡುಕುವ ಸ್ಥಿತಿಗೆ ಬದಲಿಸಲೇಬೇಕು. ಒಬ್ಬರು ಮರೆತರೂ ಬೀಕನ್ ಪರದೆಯ ಬಾಣ ಅವರತ್ತಲೇ ತೋರಿಸುತ್ತದೆ. ಮೂರು ಮೀಟರಿನೊಳಗೆ ಬಂದಾಗ ಯಂತ್ರವನ್ನು ಹಿಮಕ್ಕೆ ತಾಗಿಸಿ, ತಿರುಗಿಸದೆ ಅಡ್ಡ-ಉದ್ದ ಸರಿಸುತ್ತ ದೂರ ತೋರಿಸುವ ಕನಿಷ್ಠ ಅಂಕೆ ಹುಡುಕಿ. ಅಲ್ಲಿಂದ ಸುರುಳಿಯಾಗಿ 25 ಸೆಂ.ಮೀ.ಗೊಂದರಂತೆ, ಇಳಿಜಾರಿಗೆ ಲಂಬವಾಗಿ ಪ್ರೋಬ್ ಚುಚ್ಚಿ. ತಾಗಿದರೆ ಕೀಳಬೇಡಿ. ಅದರ ಕೆಳಬದಿಗೆ ಸರಿದು ಅಗೆಯಿರಿ. ನೇರ ಮೇಲೆ ನಿಂತು ಅಗೆದರೆ ಅವರ ಉಸಿರಿನ ಜಾಗ ಕುಸಿಯುತ್ತದೆ. ಮೊದಲ ಹತ್ತು-ಹದಿನೈದು ನಿಮಿಷದ ನಂತರ ಬದುಕುವ ಸಾಧ್ಯತೆ ಸರ್ರನೆ ಇಳಿಯುತ್ತದೆ. ಅಷ್ಟರಲ್ಲಿ ಸ್ಕೀ ಗಸ್ತಿನವರು ತಲುಪುವುದು ಅಪರೂಪ.

ಪ್ರಶ್ನೆ: ನಾನೇ ಸಿಕ್ಕಿಬಿದ್ದರೆ? (ಹುಬ್ಬಳ್ಳಿ)

ಉತ್ತರ: ಕೂಗಿ ಎಚ್ಚರಿಸಿ, ವೇಗ ಇದ್ದರೆ ಓರೆಯಾಗಿ ಬದಿಗೆ ನುಗ್ಗಿ. ಬೆನ್ನಚೀಲದಲ್ಲಿ ಏರ್‌ಬ್ಯಾಗ್ (ಗಾಳಿ ತುಂಬಿಕೊಳ್ಳುವ ಚೀಲ) ಇದ್ದರೆ ತಕ್ಷಣ ಅದರ ಹಿಡಿ ಎಳೆಯಿರಿ. ಕೋಲು ಬಿಸಾಡಿ, ಅದಕ್ಕೇ ಅದರ ಪಟ್ಟಿಗೆ ಮೊದಲಿನಿಂದಲೂ ಕೈ ತೂರಿಸಿರಬಾರದು. ಹಿಮ ನಿಧಾನವಾಗುತ್ತಿದ್ದಂತೆ ಎರಡೂ ಕೈ ಮುಖದ ಮುಂದೆ ತನ್ನಿ. ನಿಂತ ಮೇಲೆ ಬೆರಳೂ ಆಡುವುದಿಲ್ಲ.