ಪಾಠದ ನಡುವೆ ಮನೆಯ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಇಂಗ್ಲೆಂಡಿನ ಲೆಸ್ಟರ್ ನಗರದ ಪ್ರಾಥಮಿಕ ಶಾಲೆಯೊಂದಕ್ಕೆ ಈ ವರ್ಷವಷ್ಟೇ ಶಿಕ್ಷಕಿಯಾಗಿ ಸೇರಿದ್ದೇನೆ. ಎಂಟು–ಒಂಬತ್ತು ವರ್ಷದ ಮಕ್ಕಳಿಗೆ ವೈಯಕ್ತಿಕ, ಸಾಮಾಜಿಕ ಮತ್ತು ಆರೋಗ್ಯ ಶಿಕ್ಷಣದ ಪಾಠ ಮಾಡುವ ಹೊಣೆ ನನ್ನದು. ಗೆಳೆತನದ ಬಗ್ಗೆ ಮಾತು ಆರಂಭಿಸಿದರೆ ಸಾಕು, ಮಕ್ಕಳು ತಮ್ಮ ಮನೆಯ ಜಗಳಗಳನ್ನು ಎಲ್ಲರೆದುರು ಹೇಳತೊಡಗುತ್ತಾರೆ. ತಡೆದರೆ ಅವರ ಮನಸ್ಸಿಗೆ ನೋವು, ಬಿಟ್ಟರೆ ಪಾಠ ಕೈತಪ್ಪುತ್ತದೆ. ಏನು ಮಾಡಲಿ?
— ಶಿಕ್ಷಕಿ, ಲೆಸ್ಟರ್

ಉತ್ತರ: ಈ ವಿಷಯದಲ್ಲಿ ಯಾವುದು ಕಡ್ಡಾಯ, ಯಾವುದು ಶಾಲೆಯ ಇಚ್ಛೆಗೆ ಬಿಟ್ಟದ್ದು ಎಂಬುದು ಅನುಭವಿ ಶಿಕ್ಷಕರಿಗೂ ಎಷ್ಟೋ ಸಲ ಸ್ಪಷ್ಟವಿರುವುದಿಲ್ಲವಾದ್ದರಿಂದ ಕಾನೂನಿನ ಚೌಕಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. 2017ರ ಮಕ್ಕಳು ಮತ್ತು ಸಮಾಜಕಾರ್ಯ ಕಾಯ್ದೆಯ ಆಧಾರದ ಮೇಲೆ, 2020ರ ಸೆಪ್ಟೆಂಬರ್‌ನಿಂದ ಇಂಗ್ಲೆಂಡಿನ ಎಲ್ಲ ಪ್ರಾಥಮಿಕ ಶಾಲೆಗಳಲ್ಲಿ ಸಂಬಂಧಗಳ ಶಿಕ್ಷಣವೂ, ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಆರೋಗ್ಯ ಶಿಕ್ಷಣವೂ ಕಡ್ಡಾಯವಾಗಿವೆ. ಹಣಕಾಸಿನ ತಿಳಿವಳಿಕೆಯಂಥ ಉಳಿದ ಭಾಗಗಳು ಕಡ್ಡಾಯವಲ್ಲ. ಪ್ರಾಥಮಿಕ ಹಂತ ಮುಗಿಯುವಷ್ಟರಲ್ಲಿ ಮಗುವಿಗೆ ಏನೇನು ತಿಳಿದಿರಬೇಕು ಎಂಬುದನ್ನು ಸರ್ಕಾರದ ಮಾರ್ಗಸೂಚಿ ಹೇಳುತ್ತದೆಯೇ ಹೊರತು ಯಾವ ವಾರ ಯಾವ ಪಾಠ ಎಂಬುದನ್ನು ಹೇಳುವುದಿಲ್ಲ. ಆ ಕ್ರಮವನ್ನು ನಿಮ್ಮ ಶಾಲೆಯೇ ಹಾಕಿಕೊಳ್ಳಬೇಕು. 2025ರ ಜುಲೈನಲ್ಲಿ ಪ್ರಕಟವಾದ ಪರಿಷ್ಕೃತ ಮಾರ್ಗಸೂಚಿ 2026ರ ಸೆಪ್ಟೆಂಬರ್‌ನಿಂದ ಅನ್ವಯವಾಗುವುದರಿಂದ, ಶಾಲೆಯ ಯೋಜನೆ ಯಾವ ಆವೃತ್ತಿಯನ್ನು ಆಧರಿಸಿದೆ ಎಂದು ಒಮ್ಮೆ ವಿಚಾರಿಸಿಕೊಳ್ಳಿ.

ಇನ್ನು ನಿಮ್ಮ ಮುಖ್ಯ ತೊಂದರೆ. ಮಕ್ಕಳು ಮನೆಯ ಮಾತು ತೆಗೆಯುವುದು ನಿಮ್ಮ ಪಾಠ ಸೋತದ್ದರ ಲಕ್ಷಣವಲ್ಲ. ಗೆಳೆತನ, ಕೋಪ, ಭಯ ಎಂದೊಡನೆ ಒಂಬತ್ತು ವರ್ಷದ ಮಗುವಿಗೆ ನೆನಪಾಗುವುದು ತನ್ನ ಮನೆಯೇ. ಆದರೆ ಇಪ್ಪತ್ತೆಂಟು ಸಹಪಾಠಿಗಳ ಎದುರು ಹೇಳಿದ ಮಾತನ್ನು ಆ ಮಗು ಮತ್ತೆ ಹಿಂದಕ್ಕೆ ಪಡೆಯಲಾರದು, ಆಟದ ಮೈದಾನದಲ್ಲಿ ಅದೇ ಮಾತು ಬೇರೆ ರೂಪದಲ್ಲಿ ತಿರುಗಿ ಬರಬಹುದು. ಆದ್ದರಿಂದ ಮೊದಲ ಪಾಠದಲ್ಲಿಯೇ ಮಕ್ಕಳೊಂದಿಗೆ ಸೇರಿ ನಿಯಮಗಳನ್ನು ರೂಪಿಸಿಕೊಳ್ಳಿ. ಇಷ್ಟವಿಲ್ಲದಿದ್ದರೆ ಉತ್ತರಿಸದೆ ಇರಬಹುದು, ಬೇರೆಯವರ ಹೆಸರು ಹೇಳಬಾರದು, ಯಾರ ಪ್ರಶ್ನೆಗೂ ನಗಬಾರದು ಎಂಬಿವು ಅವರ ಬಾಯಿಂದಲೇ ಬರುತ್ತವೆ. ಜೊತೆಗೆ, ‘ಇಲ್ಲಿ ಹೇಳಿದ್ದು ಇಲ್ಲೇ ಇರಬೇಕು’ ಎಂಬ ಇನ್ನೊಂದು ನಿಯಮವನ್ನೂ ಮಕ್ಕಳು ಉತ್ಸಾಹದಿಂದ ಸೂಚಿಸುತ್ತಾರೆ. ಅದನ್ನು ಮಾತ್ರ ಒಪ್ಪಿಕೊಳ್ಳಬೇಡಿ. ಯಾರಾದರೂ ಅಪಾಯದಲ್ಲಿದ್ದಾರೆಂದು ಅನ್ನಿಸಿದರೆ ಸಹಾಯ ಮಾಡಬಲ್ಲವರಿಗೆ ನಾನು ತಿಳಿಸಲೇಬೇಕಾಗುತ್ತದೆ ಎಂದು ಆಗಲೇ ಹೇಳಿಬಿಡಿ. ಗುಟ್ಟು ಕಾಯುವೆನೆಂದು ಮಗುವಿಗೆ ಮಾತು ಕೊಡುವ ಅವಕಾಶ ಇಂಗ್ಲೆಂಡಿನ ಯಾವ ಶಾಲೆಯ ಶಿಕ್ಷಕರಿಗೂ ಇಲ್ಲ.

ಎರಡನೆಯ ಉಪಾಯ, ಮಾತನ್ನು ಮಗುವಿನಿಂದ ಒಂದಿಷ್ಟು ದೂರ ಸರಿಸುವುದು. ‘ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯೇ?’ ಎಂಬ ಪ್ರಶ್ನೆಯೇ ಮನೆಯ ಬಾಗಿಲನ್ನು ತೆರೆಯುವಂಥದ್ದು. ಅದರ ಬದಲು ತರಗತಿಯಲ್ಲಿ ಯಾರಿಗೂ ಇಲ್ಲದ ಹೆಸರಿನ ಮಗುವೊಂದನ್ನು ಕಲ್ಪಿಸಿ. ಅವಳ ಗೆಳತಿ ಒಂದು ದಿನ ಇದ್ದಕ್ಕಿದ್ದಂತೆ ಇನ್ನೊಬ್ಬಳೊಂದಿಗೆ ಮಾತ್ರ ಆಡತೊಡಗುತ್ತಾಳೆ, ‘ಇದನ್ನು ಯಾರಿಗೂ ಹೇಳಬೇಡ’ ಎಂದೂ ಎಚ್ಚರಿಸುತ್ತಾಳೆ ಎನ್ನಿ. ಆ ಹುಡುಗಿಯ ಮನಸ್ಸಿನಲ್ಲಿ ಈಗ ಏನು ನಡೆಯುತ್ತಿರಬಹುದು, ಗೆಳತಿಗೆ ಅವಳು ಯಾವ ಮಾತಿನಲ್ಲಿ ಹೇಳಬಹುದು, ಯಾರ ಬಳಿ ಹೋಗಬಹುದು ಎಂದು ಕೇಳುತ್ತಾ ಹೋದರೆ ಮಕ್ಕಳು ತಮ್ಮ ಅನುಭವವನ್ನೇ ಬಳಸಿಕೊಂಡು ಉತ್ತರಿಸುತ್ತಾರೆ. ಆದರೆ ಆ ಅನುಭವ ಯಾರದೆಂದು ಬಯಲಾಗುವುದಿಲ್ಲ. ಮಾತಿನಲ್ಲಿ ಕೇಳಲಾಗದ್ದನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಹಾಕಲು ಒಂದು ಪ್ರಶ್ನೆ ಪೆಟ್ಟಿಗೆಯನ್ನೂ ಇಡಿ. ಉತ್ತರಿಸುವ ಮುನ್ನ ಚೀಟಿಗಳನ್ನು ಓದಿಕೊಳ್ಳಲು ನಿಮಗೆ ಸಮಯ ಸಿಗುವುದು ಆ ಪೆಟ್ಟಿಗೆಯ ದೊಡ್ಡ ಲಾಭ.

ಇಷ್ಟಾದರೂ ಒಂದು ಮಗು ಎಲ್ಲರೆದುರು ಗಂಭೀರವಾದುದನ್ನು ಹೇಳಿಬಿಟ್ಟರೆ, ‘ನೀನು ಹೇಳಿದ್ದು ಮುಖ್ಯವಾದ ಮಾತು, ಪಾಠ ಮುಗಿದ ಮೇಲೆ ನಾವಿಬ್ಬರೇ ಮಾತಾಡೋಣ’ ಎಂದು ಶಾಂತವಾಗಿ ಹೇಳಿ, ಅದನ್ನು ತಪ್ಪದೆ ನಡೆಸಿ. ಆಗ ನಿಮ್ಮ ಕೆಲಸ ಕೇಳಿಸಿಕೊಳ್ಳುವುದು, ತನಿಖೆಯಲ್ಲ. ಉತ್ತರವನ್ನು ಸೂಚಿಸುವಂಥ ಪ್ರಶ್ನೆಗಳನ್ನು ಕೇಳದೆ, ಮಗುವಿನ ಮಾತನ್ನು ಅದರದೇ ಪದಗಳಲ್ಲಿ ಬರೆದು, ಶಾಲೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ತಡಮಾಡದೆ ತಲುಪಿಸಿ.

ನೀತಿಬೋಧೆ ಕೇಳಿ ಬೆಳೆದ ನಮ್ಮಂಥವರಿಗೆ ಈ ಪಾಠವನ್ನು ‘ಎಲ್ಲರೊಂದಿಗೆ ಸ್ನೇಹದಿಂದಿರಿ’ ಎಂಬ ಉಪದೇಶದಲ್ಲಿ ಮುಗಿಸುವ ಚಪಲ ಹೆಚ್ಚು. ಉಪದೇಶ ಮಕ್ಕಳಿಗೆ ಬಾಯಿಪಾಠವಾಗಿಯೇ ಇದೆ. ಅಭ್ಯಾಸ ಇಲ್ಲದಿರುವುದು ಸಹಾಯ ಕೇಳುವ ಮಾತಿಗೆ. ಮಾರ್ಗಸೂಚಿಯಲ್ಲಿ ನನಗೆ ಬಹಳ ಹಿಡಿಸಿದ ಅಂಶವೂ ಅದೇ: ಸಹಾಯ ಕೇಳುವುದನ್ನು ಮಾತ್ರವಲ್ಲ, ಯಾರಾದರೂ ಕಿವಿಗೊಡುವವರೆಗೆ ಮತ್ತೆ ಮತ್ತೆ ಕೇಳುವುದನ್ನೂ ಕಲಿಸಬೇಕೆಂದು ಅದು ಹೇಳುತ್ತದೆ. ಮೊದಲ ದೊಡ್ಡವರು ‘ಆಮೇಲೆ’ ಎಂದರೆ ಎರಡನೆಯವರ ಬಳಿ ಏನೆಂದು ಹೇಳುವುದು ಎಂಬುದನ್ನು ಜೋಡಿಗಳಲ್ಲಿ ಆಡಿಸಿ ನೋಡಿ. ಮಕ್ಕಳ ಸಹಾಯವಾಣಿಯಾದ ಚೈಲ್ಡ್‌ಲೈನ್‌ನ ಉಚಿತ ಸಂಖ್ಯೆ 0800 1111 ಗೋಡೆಯ ಮೇಲಿರಲಿ.

ಪ್ರಶ್ನೆ: ಒಂಬತ್ತು ವರ್ಷದ ನನ್ನ ಮಗಳ ಶಾಲೆಯಿಂದ, ದೇಹದ ಬೆಳವಣಿಗೆ ಮತ್ತು ಮುಟ್ಟಿನ ಬಗ್ಗೆ ಪಾಠ ನಡೆಯಲಿದೆ ಎಂಬ ಪತ್ರ ಬಂದಿದೆ. ಇದು ತೀರಾ ಬೇಗವೆನಿಸುತ್ತದೆ. ಅವಳನ್ನು ಆ ಪಾಠದಿಂದ ಹೊರಗಿಡಲು ಕೇಳಬಹುದೇ?
— ತಾಯಿ, ರೆಡಿಂಗ್

ಉತ್ತರ: ಆ ಪಾಠದಿಂದ ಹೊರಗಿಡಲು ಬರುವುದಿಲ್ಲ. ಹರೆಯದ ದೈಹಿಕ ಬದಲಾವಣೆಗಳು ಮತ್ತು ಮುಟ್ಟು ಕಡ್ಡಾಯವಾದ ಆರೋಗ್ಯ ಶಿಕ್ಷಣದ ಭಾಗವಾಗಿವೆ. ಪೋಷಕರಿಗೆ ಹಕ್ಕಿರುವುದು ಲೈಂಗಿಕ ಶಿಕ್ಷಣದ ವಿಷಯದಲ್ಲಿ ಮಾತ್ರ. ಪ್ರಾಥಮಿಕ ಹಂತದಲ್ಲಿ ಅದು ಕಡ್ಡಾಯವಲ್ಲ; ವಿಜ್ಞಾನದ ಪಠ್ಯಕ್ರಮದ ಹೊರಗೆ ಶಾಲೆ ಅದನ್ನು ಕಲಿಸುವುದಾದರೆ, ನಿಮ್ಮ ಕೋರಿಕೆಯನ್ನು ಮುಖ್ಯ ಶಿಕ್ಷಕರು ಒಪ್ಪಲೇಬೇಕು. ಆದ್ದರಿಂದ ಪತ್ರದಲ್ಲಿರುವುದು ಎರಡರಲ್ಲಿ ಯಾವುದೆಂದು ಕೇಳಿ, ತೋರಿಸಲಿರುವ ಚಿತ್ರ ಮತ್ತು ವಿಡಿಯೊಗಳನ್ನು ನೋಡಬೇಕೆಂದೂ ಹೇಳಿ. ಈ ವಿಷಯದಲ್ಲಿ ಪೋಷಕರೊಂದಿಗೆ ಸಮಾಲೋಚಿಸಿ, ಲಿಖಿತ ನೀತಿಯನ್ನು ವೆಬ್‌ಸೈಟಿನಲ್ಲಿ ಪ್ರಕಟಿಸುವುದು ಶಾಲೆಯ ಕರ್ತವ್ಯ. ಇದು ಇಂಗ್ಲೆಂಡಿನ ಮಾತು. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳ ಪಠ್ಯಕ್ರಮಗಳೇ ಬೇರೆ.

ಬೇಗವೇ ಎಂಬ ನಿಮ್ಮ ಅಳುಕನ್ನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ಆದರೆ ಮುಟ್ಟು ಸಾಮಾನ್ಯವಾಗಿ ಹನ್ನೆರಡರ ಆಸುಪಾಸಿನಲ್ಲಿ ಆರಂಭವಾದರೂ ಕೆಲವರಿಗೆ ಎಂಟನೆಯ ವರ್ಷದಲ್ಲಿಯೇ ಆಗುವುದುಂಟು. ಅದೇನೆಂದು ತಿಳಿಯದ ಮಗು ರಕ್ತ ಕಂಡರೆ ಗಾಯವಾಗಿದೆ ಎಂದೇ ಹೆದರುತ್ತದೆ. ಪಾಠಕ್ಕಿಂತ ಮೊದಲೇ ನೀವು ಮನೆಯಲ್ಲಿ ನಿಮ್ಮದೇ ಮಾತಿನಲ್ಲಿ ಹೇಳಿದರೆ ತರಗತಿಯಲ್ಲಿ ಅವಳಿಗೆ ಮುಜುಗರವೂ ಕಡಿಮೆ. ಗಂಡುಮಕ್ಕಳಿಗೂ ಇದೇ ಪಾಠವಿದೆಯೇ ಎಂದು ವಿಚಾರಿಸಿ. ಇರಬೇಕು, ಇಲ್ಲದಿದ್ದರೆ ಹೆಣ್ಣುಮಕ್ಕಳು ಗೇಲಿಗೆ ಗುರಿಯಾಗುತ್ತಾರೆ.

ಪ್ರಶ್ನೆ: ವೈಯಕ್ತಿಕ, ಸಾಮಾಜಿಕ ಮತ್ತು ಆರೋಗ್ಯ ಶಿಕ್ಷಣಕ್ಕೆ ಪರೀಕ್ಷೆಯೇ ಇಲ್ಲವಲ್ಲ, ಮಕ್ಕಳು ಕಲಿತರೆಂದು ತಿಳಿಯುವುದು ಹೇಗೆ? ಹೊರಗಿನಿಂದ ತಜ್ಞರನ್ನು ಕರೆಸಿ ಭಾಷಣ ಮಾಡಿಸಿದರೆ ಸಾಲದೇ?
— ಶಾಲಾ ಆಡಳಿತ ಮಂಡಳಿಯ ಸದಸ್ಯರು, ಬರ್ಮಿಂಗ್‌ಹ್ಯಾಮ್

ಉತ್ತರ: ಪಾಠಕ್ಕೆ ಮೊದಲು, ಏನೂ ವಿವರಿಸದೆ, ‘ಒಬ್ಬರನ್ನು ಆರೋಗ್ಯವಾಗಿಡುವ ಎಲ್ಲವನ್ನೂ ಚಿತ್ರ ಬರೆದು ಹೆಸರಿಸಿ’ ಎಂದು ಶಿಕ್ಷಕರು ಮಕ್ಕಳಿಗೆ ಹೇಳಲಿ. ಕೆಲವು ವಾರಗಳ ಪಾಠದ ನಂತರ ಅದೇ ಹಾಳೆಯನ್ನು ಮರಳಿ ಕೊಟ್ಟು, ಬೇರೆ ಬಣ್ಣದಲ್ಲಿ ಸೇರಿಸಲು, ತಿದ್ದಲು ಬಿಡಲಿ. ಹಣ್ಣು, ಓಟ, ಹಲ್ಲುಜ್ಜುವುದು ಮಾತ್ರ ಇದ್ದ ಹಾಳೆಯಲ್ಲಿ ನಿದ್ದೆ, ಗೆಳೆಯರು, ಬೇಸರವಾದಾಗ ಮಾತಾಡುವುದು ಎಂಬಿವು ಎರಡನೆಯ ಬಣ್ಣದಲ್ಲಿ ಕಂಡರೆ ಕಲಿಕೆ ನಡೆದಿದೆ ಎಂದರ್ಥ. ಮೊದಲ ಹಾಳೆಗಳಿಂದ ಇನ್ನೊಂದು ಉಪಯೋಗವಿದೆ: ಮಕ್ಕಳಿಗೆ ಆಗಲೇ ತಿಳಿದಿರುವುದನ್ನೇ ಮತ್ತೆ ಕಲಿಸುವ ಶ್ರಮ ಉಳಿಯುತ್ತದೆ.

ಹೊರಗಿನವರ ಭಾಷಣ ಪಾಠಗಳ ನಡುವೆ ಒಂದಾಗಿ ಬಂದರೆ ಒಳ್ಳೆಯದು, ಪಾಠಗಳ ಬದಲಾಗಿ ಬಂದರೆ ವ್ಯರ್ಥ; ಮರುದಿನ ಮಗುವಿಗೆ ಸಂಶಯ ಬಂದರೆ ಕೇಳಲು ಆ ಭಾಷಣಕಾರರು ಅಲ್ಲಿರುವುದಿಲ್ಲ. ಹೆದರಿಸುವ ಚಿತ್ರಗಳನ್ನು ತರುವವರನ್ನಂತೂ ಕರೆಯಲೇಬೇಡಿ. ಯಾರೇ ಬರಲಿ, ಅವರು ಹೇಳಲಿರುವುದನ್ನು ಶಿಕ್ಷಕರು ಮುಂಚಿತವಾಗಿ ನೋಡಿರಬೇಕು, ಮಾತು ಮುಗಿಯುವವರೆಗೂ ತರಗತಿಯಲ್ಲಿಯೇ ಇರಬೇಕು.